ಯಾವ ತ್ರುಹಿಯೊ ಎಂದು ಬರೆಯದೆ ಬಿಟ್ಟದ್ದು

ಎಲ್ ಪೊರ್ವೆನಿರ್ ಬಡಾವಣೆ, ತ್ರುಹಿಯೊ, ಪೆರು
12 ಜನವರಿ 2020, ಭಾನುವಾರ

ಪ್ರೀತಿಯ ದೊಮಿತಿಲಾ ಅಕ್ಕಾ,

ಹೇಗಿದ್ದೀಯ? ರಕ್ತದೊತ್ತಡದ ಮಾತ್ರೆ ದಿನಾ ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲಾ ಉಳಿಸಲಿಕ್ಕೆಂದು ದಿನ ಬಿಟ್ಟು ದಿನ ನುಂಗುತ್ತಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತು. ಮೊಣಕಾಲು ಹೇಗಿದೆ? ಕರೆಂಟು ದಿನಕ್ಕೆ ಎಷ್ಟು ಗಂಟೆ ಇರುತ್ತದೆ, ಹೊಲಿಗೆ ಯಂತ್ರ ಇನ್ನೂ ಕಾಲಿನಲ್ಲೇ ತುಳಿಯುತ್ತಿದ್ದೀಯಾ? ಈ ಕಾಗದದ ಜೊತೆ ಎರಡು ತಿಂಗಳ ಮಾತ್ರೆ ಇದೆ, ಒಂದು ಜೊತೆ ಶೂ ಇದೆ. ನಮ್ಮ ಶೂ ಕಾರ್ಖಾನೆಯಲ್ಲಿ ಅಂಟು ಹಚ್ಚುವ ರಾಮಿರೊ ನಾಳೆ ಊರಿಗೆ ಹೊರಟಿದ್ದಾನೆ. ಎಕ್ವಡಾರ್, ಕೊಲಂಬಿಯಾ ದಾಟಿ ಏಳು ದಿನಕ್ಕೆ ಮುಟ್ಟುತ್ತೇನೆ ಎನ್ನುತ್ತಾನೆ. ನಿನ್ನ ಪಕ್ಕದ ಮನೆಯ ಪಾಸ್ತೋರಾಳ ಸೋದರಳಿಯ ಫೋನಿನ ಸಮೇತ ಕೊಲಂಬಿಯಾಕ್ಕೆ ಹೋದ ಮೇಲೆ ನಿನಗೆ ಸುದ್ದಿ ಮುಟ್ಟಿಸಲು ಬೇರೆ ದಾರಿ ಉಳಿದಿಲ್ಲ. ಮೇಲೆ ವಿಳಾಸದಲ್ಲಿ ದೇಶದ ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ನೋಡಿದೆಯಾ? ಯಾಕೆ ಎಂದು ಕಾಗದ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ. ಬೈಯುವುದಿದ್ದರೆ ಆಗ ಬೈಯಿ.

ನಾವು ಚೆನ್ನಾಗಿದ್ದೇವೆ. ಮಗಳು ಯುಸ್ಮೆರಿ ಚೆನ್ನಾಗಿದ್ದಾಳೆ. ಮಗುವಿಗೆ ಇವತ್ತಿಗೆ ನಲವತ್ತೇಳು ದಿನ, ನಾಲ್ಕೂವರೆ ಕಿಲೋ. ಕೂದಲು ನಮ್ಮಮ್ಮನದು, ಹಟ ನಿನ್ನದು. ಅಳಿಯ ವಿಲ್ಮೆರ್ ಊರಾಚೆಯ ಶತಾವರಿ ಹೊಲಗಳಲ್ಲಿ ದುಡಿಯುತ್ತಾನೆ, ಶನಿವಾರ ಬಂದು ಸೋಮವಾರ ಹೋಗುತ್ತಾನೆ, ಬಂದಾಗ ಮಗುವನ್ನು ಯಾರ ಕೈಗೂ ಕೊಡುವುದಿಲ್ಲ. ನೀನು ನಮ್ಮನ್ನು ಬಸ್ ಹತ್ತಿಸುವಾಗ ಹೇಳಿದ ಮಾತು ನೆನಪಿದೆ, ಅಕ್ಕಾ. ಬೇರೆಯವರಾಗಿದ್ದರೆ ಎಷ್ಟೋ ಕೇಳುತ್ತಿದ್ದರು. ನೀನು ಕಿಟಕಿಯ ಕೆಳಗೆ ನಿಂತು ಇಷ್ಟೇ ಹೇಳಿದೆ: "ಇವಳಿಗೆ ಹೆಣ್ಣು ಹುಟ್ಟಿದ್ರೆ ನನ್ನ ಹೆಸರಿಡು. ನನಗೆ ಮಕ್ಕಳಿಲ್ಲ. ನಾನು ಹೋದ ಮೇಲೆ ದೊಮಿತಿಲಾ ಅಂತ ಕೂಗೋರು ಈ ಬೀದೀಲಿ ಯಾರೂ ಇರಲ್ಲ." ಆಗಲಿ ಎಂದು ನಾನು ಮಾತು ಕೊಟ್ಟೆ. ಅದರ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ನವೆಂಬರ್ ಕೊನೆಯಲ್ಲಿ ನಡೆದದ್ದನ್ನು ಹೇಳಬೇಕು, ಏಕೆಂದರೆ ನಿನಗೆ ಗೊತ್ತಿರುವುದು ಅದರ ಅರ್ಧ ಮಾತ್ರ. ಆ ಅರ್ಧವೂ ಯಾರಿಗಾಗಿ ಎಂದು ತಿಳಿಯದೆ ನೀನೇ ಮಾಡಿದ್ದು.

ನಾವು ಈ ಊರಲ್ಲಿ ಇಳಿದ ಕಥೆ ನಿನಗೆ ಗೊತ್ತಿದೆ. ಟಿಕೆಟ್ ಇದ್ದದ್ದು ಲಿಮಾಕ್ಕೆ. ಬೆಳಗ್ಗೆ ಬಸ್ ನಿಂತಾಗ ಯುಸ್ಮೆರಿ ಕಣ್ಣುಜ್ಜಿಕೊಂಡು ಹೊರಗಿನ ಬೋರ್ಡಿನಲ್ಲಿ ತ್ರುಹಿಯೊ ಎಂದಿದ್ದದ್ದನ್ನು ಓದಿ "ಅಪ್ಪಾ, ನಮ್ಮೂರು ಬಂತು" ಎಂದಳು. ಆರು ದಿನದಲ್ಲಿ ಅವಳು ಮೊದಲ ಸಲ ನಕ್ಕದ್ದು ಆವಾಗ. ನಾನು ಚೀಲ ಇಳಿಸಿದೆ. ಲಿಮಾದಲ್ಲೂ ನಮ್ಮನ್ನು ಕಾಯುತ್ತಿದ್ದವರು ಯಾರೂ ಇರಲಿಲ್ಲ, ಇಲ್ಲಿ ಕನಿಷ್ಠ ಹೆಸರಾದರೂ ಪರಿಚಯದ್ದು. ನಮ್ಮೂರು ಹುಟ್ಟಿದ ಹೊಸತರಲ್ಲಿ ಜಾಗ ಹಿಡಿಸದೆ ಜನ ಹಲವು ಸಲ ಬೇರೆ ಕಡೆಗೆ ಎತ್ತಿಕೊಂಡು ಹೋದ ಊರು ಎಂದು ಶಾಲೆಯಲ್ಲಿ ಓದಿದ್ದೆವಲ್ಲ. ಇನ್ನೊಂದು ಸಲ ಎತ್ತಿಕೊಂಡು ಬಂದೆ ಎಂದುಕೊಂಡೆ. ಮನೆ ಕೊಟ್ಟ ದೊನ್ಯಾ ಜೊಯಿಲಾಳ ಮನೆತನದ ಹೆಸರೂ ತ್ರುಹಿಯೊ. ಬಾಡಿಗೆ ಚೀಟಿ ಬರೆಯುವಾಗ ಪೆನ್ನು ಕೆಳಗಿಟ್ಟು ನಕ್ಕಳು: "ನಾನೂ ತ್ರುಹಿಯೊ, ಊರೂ ತ್ರುಹಿಯೊ, ನೀನೂ ತ್ರುಹಿಯೊದಿಂದ ಬಂದೋನು. ಇದನ್ನ ಓದಿದೋರು ನನಗೆ ತಲೆ ಕೆಟ್ಟಿದೆ ಅಂದ್ಕೋತಾರೆ." ಒಂದೇ ಹೆಸರಿನವರು ಒಬ್ಬರನ್ನೊಬ್ಬರು ತೊಕಾಯೊ ಎಂದು ಕರೆದರೆ ಅರ್ಧ ನೆಂಟರಾದ ಹಾಗೆ ಎಂದು ನಮ್ಮಜ್ಜ ಹೇಳುತ್ತಿದ್ದ. ಇಲ್ಲೂ ಅದನ್ನೇ ಹೇಳುತ್ತಾರೆ. ಮೊದಲ ತಿಂಗಳು ಅವಳು ನಮ್ಮನ್ನು ಬಾಡಿಗೆ ಕೇಳಲಿಲ್ಲ.

ದೊನ್ಯಾ ಜೊಯಿಲಾ ಪ್ರತಿ ಸೋಮವಾರ ಮನೆ ಬಾಗಿಲಲ್ಲಿ ಶಾಂಬರ್ ಮಾರುತ್ತಾಳೆ. ಗೋಧಿ, ಮೂರು ಥರದ ಕಾಳು, ಹಂದಿಯ ಚರ್ಮ ಹಾಕಿ ಕುದಿಸಿದ ಗಟ್ಟಿ ಸಾರು ಅದು. ಈ ಊರವರು ಸೋಮವಾರ ಬೇರೇನೂ ಉಣ್ಣುವುದಿಲ್ಲ. ಮಂಗಳವಾರ ಕೇಳಿದರೆ ಹುಚ್ಚನನ್ನು ನೋಡುವಂತೆ ನೋಡುತ್ತಾರೆ. ಗೋಧಿಯ ವಾಸನೆಗೆ ನನಗೆ ನೀನು ಕಾವಲಿಯ ಮೇಲೆ ಸುಡುವ ಅರೆಪಾ, ಆ ದಪ್ಪ ಗೋಧಿ ರೊಟ್ಟಿ, ನೆನಪಾಗುತ್ತದೆ.

ನವೆಂಬರ್ 25 ಸೋಮವಾರ. ಯುಸ್ಮೆರಿಯ ಹೊಟ್ಟೆಯಲ್ಲಿ ಮಾಸು ಇರಬಾರದ ಕಡೆ ಕೂತಿದೆ, ಮರುದಿನ ಬೆಳಗ್ಗೆಯೇ ಕೊಯ್ದು ಮಗು ತೆಗೆಯಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು. ತುಂಬಾ ರಕ್ತ ಹೋಗಬಹುದು, ಎರಡು ಚೀಲ ಕೈಯಲ್ಲಿಲ್ಲದೆ ಕತ್ತಿ ಹಿಡಿಯುವುದಿಲ್ಲ ಎಂದರು. ಅವಳ ಗುಂಪು ನಿನ್ನದೇ, ಓ ನೆಗೆಟಿವ್. ನಮ್ಮಲ್ಲಿ ಹೇಗೋ ಇಲ್ಲೂ ಹಾಗೆ: ರಕ್ತ ಬೇಕಾದವರ ಮನೆಯವರೇ ಕೊಡುವವರನ್ನು ಕರೆದು ತರಬೇಕು. ಇಲ್ಲಿ ಹುಟ್ಟಿ ಬೆಳೆದವರಿಗೆ ಅಣ್ಣ ತಮ್ಮ, ಚಿಕ್ಕಪ್ಪ ದೊಡ್ಡಪ್ಪ, ಬೀದಿ ತುಂಬ ಜನ. ನಮಗೆ ಇದ್ದದ್ದು ನಾನು, ವಿಲ್ಮೆರ್. ಇಬ್ಬರದ್ದೂ ಪಾಸಿಟಿವ್. ನಿನಗೆ ತಿಳಿಸಲಿಲ್ಲ. ನಿನ್ನ ರಕ್ತದೊತ್ತಡದ ಭಯ ಒಂದು. ತಿಳಿದರೆ ಆ ಮೊಣಕಾಲಿಟ್ಟುಕೊಂಡು ಗಡಿಯವರೆಗೆ ನಡೆದುಬಿಡುತ್ತೀಯ ಎಂಬುದು ಇನ್ನೊಂದು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಬರೆದೆ: "ತುರ್ತು. ತ್ರುಹಿಯೊದ ಮಗಳೊಬ್ಬಳಿಗೆ, ವಯಸ್ಸು ಇಪ್ಪತ್ಮೂರು, ಹೆರಿಗೆಗಾಗಿ ಓ ನೆಗೆಟಿವ್ ರಕ್ತ ಬೇಕಾಗಿದೆ. ಇರುವವರು ತ್ರುಹಿಯೊದ ಆಸ್ಪತ್ರೆಗೆ ಕೂಡಲೇ ಬನ್ನಿ. ನಮ್ಮವರು ನಮ್ಮವರ ಕೈ ಬಿಡುವುದಿಲ್ಲ." ಇಲ್ಲಿಯ ಚಪ್ಪಲಿ ಕೆಲಸದವರ ಗುಂಪಿಗೆ ಕಳಿಸಿದೆ, ಊರು ಬಿಟ್ಟು ಬಂದ ನಮ್ಮ ತ್ರುಹಿಯೊದವರ ಗುಂಪಿಗೂ ಕಳಿಸಿದೆ. ಅಲ್ಲಿಂದ ಅದು ಒಬ್ಬರಿಂದ ಒಬ್ಬರಿಗೆ ಹೋಯಿತು, ಬರೆದವನು ಯಾರೆಂಬುದು ಅದರಲ್ಲಿ ಉಳಿಯಲಿಲ್ಲ. ಯುಸ್ಮೆರಿಯ ಹೆಸರನ್ನು ಬೇಕೆಂದೇ ಬಿಟ್ಟೆ, ನಿನ್ನ ಕಿವಿಗೆ ಬಿದ್ದೀತೆಂದು. ಕೊಡುವವರು ಬಂದರೆ ಹೇಳಲಿಕ್ಕೆ ರಕ್ತನಿಧಿಯ ಬಾಗಿಲಲ್ಲೇ ನಾನಿದ್ದೇನಲ್ಲ ಎಂದುಕೊಂಡೆ. ಆದರೆ ದೇಶದ ಹೆಸರು ಬಿಟ್ಟದ್ದು ಶುದ್ಧ ತಪ್ಪು. ಇಪ್ಪತ್ತೆರಡು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವನು ನಾನು. ಬೇರೆಯವರ ಸುದ್ದಿಯಲ್ಲಿ 'ಎಲ್ಲಿ?' ಎಂದು ಕೆಂಪು ಶಾಯಿಯಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ನನ್ನ ಸ್ವಂತ ಮಗಳ ಸುದ್ದಿಯಲ್ಲಿ ಅದನ್ನೇ ಬಿಟ್ಟೆ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ತ್ರುಹಿಯೊ, ಅದು ಯಾವುದೆಂದು ಕೇಳಿದ್ದರೆ ನನಗೂ ಹೇಳಲಾಗುತ್ತಿರಲಿಲ್ಲ.

ಇತ್ತ ದೊನ್ಯಾ ಜೊಯಿಲಾ ತನ್ನದೇ ದಾರಿ ಹಿಡಿದಿದ್ದಳು. ಶಾಂಬರಿಗೆ ಪಾತ್ರೆ ಹಿಡಿದು ಬಂದವರಿಗೆಲ್ಲ ಸೌಟು ಎತ್ತಿ ಹಿಡಿದು "ಮೊದಲು ರಕ್ತ ಯಾವ್ದು ಹೇಳು, ಆಮೇಲೆ ಸಾರು" ಎಂದಳಂತೆ. ಗೊತ್ತಿಲ್ಲ ಎಂದವರಿಗೆ, "ನಿನ್ನಮ್ಮನಿಗೆ ಫೋನ್ ಮಾಡಿ ಕೇಳು, ಸಾರು ಎಲ್ಲಿಗೂ ಓಡಿ ಹೋಗಲ್ಲ." ಟ್ಯಾಕ್ಸಿಯವರನ್ನು ಮಾತಾಡಿಸಲೂ ಇಲ್ಲ, ಪರವಾನಗಿ ಕಿತ್ತುಕೊಂಡು ನೋಡಿದಳು, ಇಲ್ಲಿ ಅದರ ಮೇಲೆ ರಕ್ತದ ಗುಂಪು ಅಚ್ಚಾಗಿರುತ್ತದೆ. ಹಾಗೆ ಸಿಕ್ಕವನು ಸೆಗುಂದೊ ಎಂಬ ಟ್ಯಾಕ್ಸಿ ಚಾಲಕ. ಪಾಪ, ಹಸಿದು ಬಂದಿದ್ದ. ಚಮಚ ಬಾಯಿಯ ಹತ್ತಿರ ಹೋಗುವಾಗ ಬಟ್ಟಲು ಕಿತ್ತುಕೊಂಡಳು: "ತಿನ್ಬೇಡ. ಕೊಬ್ಬು ತಿಂದೋರ ರಕ್ತ ತಗೊಳ್ಳಲ್ಲ. ಕೊಟ್ಟು ಬಾ, ಎರಡು ಬಟ್ಟಲು ಹಾಕ್ತೀನಿ." ಅವನು ಆಸ್ಪತ್ರೆಗೆ ಬಂದು ನನಗೆ ಹೇಳಿದ ಮೊದಲ ಮಾತು, "ಬೇಗ ಮಾಡಿಸಿ ಯಜಮಾನ್ರೇ, ಅವಳು ಮರೆತುಬಿಟ್ರೆ ಎರಡೂ ಹೋಯ್ತು." ಹನ್ನೆರಡು ಗಂಟೆಗೆ ಒಂದು ಚೀಲ ಆಯಿತು.

ಎರಡನೆಯದಕ್ಕೆ ಯಾರೂ ಇಲ್ಲ. ಗಂಟೆ ಒಂದಾಯಿತು, ಎರಡಾಯಿತು. ಮೂರೂವರೆಗೆ ಒಳಗಿನಿಂದ ನರ್ಸ್ ಬಂದು, ಯಾರೋ ಹೆಂಗಸು ಹಿಂದಿನ ಬಾಗಿಲಿಂದ ಬಂದು ಕೊಡುತ್ತಿದ್ದಾಳೆ, ಪರೀಕ್ಷೆಯೆಲ್ಲ ಮುಗಿದಿದೆ, ರೋಗಿಯ ಹೆಸರು ಬರೆಸಬೇಕು ಬನ್ನಿ ಎಂದಳು. ಹೋಗಿ ನೋಡಿದರೆ ಕುರ್ಚಿಯಲ್ಲಿ ನೆಲಿದಾ.

ನೆಲಿದಾ ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ಚರ್ಮ ಕತ್ತರಿಸುವವಳು. ಒಂದೂವರೆ ವರ್ಷದಿಂದ ನನ್ನೊಂದಿಗೆ ಮಾತಿಲ್ಲ. ನಮ್ಮವರು ಬಂದು ಕಡಿಮೆ ಕೂಲಿಗೆ ದುಡಿದದ್ದರಿಂದ ಅವಳ ತಮ್ಮನ ಕೆಲಸ ಹೋಯಿತು. ಅದು ನಿಜವೇ, ನಾನು ಅಲ್ಲಗಳೆಯುವುದಿಲ್ಲ. ದಿನಾ ಬೆಳಗ್ಗೆ ಬಂದು ಮೇಜಿನ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾಳೆ. ಮೊದಲ ದಿನ ಹೇಳಿದ್ದು, "ನಿನ್ನ ದೇಶದ ಗಡಿ ನೀನು ದಾಟಿ ಬಂದಿರಬಹುದು. ಇದನ್ನ ದಾಟಬೇಡ." ಈಗ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಕೂತವಳು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ನೀನಿಲ್ಲೇನು ಮಾಡ್ತಿದ್ದೀಯ?"

"ಬೇಕಾಗಿರೋದು ನನ್ನ ಮಗಳಿಗೆ," ಎಂದೆ.

"ತ್ರುಹಿಯೊದ ಮಗಳು ಅಂತ ಬರೆದಿತ್ತಲ್ಲ?"

"ತ್ರುಹಿಯೊದವಳೇ. ನಮ್ಮ ತ್ರುಹಿಯೊ."

ಅವಳು ಚೀಲವನ್ನು ನೋಡಿದಳು, ಅರ್ಧ ತುಂಬಿತ್ತು. ಅಕ್ಕಾ, ನನ್ನ ಜೀವನದಲ್ಲಿ ಅಷ್ಟು ಉದ್ದದ ನಿಮಿಷ ಇನ್ನೊಂದಿಲ್ಲ. ಅವಳು ಸೂಜಿ ಕೀಳಿ ಎಂದಿದ್ದರೆ ನಾನು ತಪ್ಪು ಹೇಳುವ ಹಾಗಿರಲಿಲ್ಲ, ನನ್ನ ವಾಕ್ಯ ಓದಿ ಮೋಸಹೋದವಳು ಅವಳು. ಕೊನೆಗೆ ಹೇಳಿದಳು: "ಚುಚ್ಚಿದ್ದಾಯ್ತು. ಈಗ ಎದ್ದು ಹೋದ್ರೆ ಈ ಅರ್ಧ ಚೀಲ ಯಾರಿಗೂ ಬರಲ್ಲ, ದಂಡ. ಕೂತ್ಕೋ. ಮುಖ ಮಾತ್ರ ಆ ಕಡೆ ತಿರುಗಿಸ್ಕೋ." ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಬೆನ್ನ ಹಿಂದಿನಿಂದ ಕೇಳಿದಳು, "ಗಂಡೋ ಹೆಣ್ಣೋ?" ಹೆಣ್ಣಂತೆ ಎಂದೆ. "ಹೂಂ" ಎಂದಳು.

ಮರುದಿನ ಮಂಗಳವಾರ ಬೆಳಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಮಗು ಅತ್ತಿತು. ಎರಡು ಚೀಲವೂ ಖರ್ಚಾಯಿತು. ವೈದ್ಯೆ ಹೊರಗೆ ಬಂದು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಒಂದೇ ಚೀಲ ಇದ್ದಿದ್ದರೆ ನಿಮ್ಮ ಹತ್ತಿರ ಬೇರೆ ಮಾತು ಆಡಬೇಕಾಗುತ್ತಿತ್ತು." ಆ ಸಂಜೆ ಪಾಸ್ತೋರಾಳ ಸೋದರಳಿಯನ ಫೋನಿಗೆ "ಹೆಣ್ಣು ಮಗು, ತಾಯಿ ಮಗು ಕ್ಷೇಮ" ಎಂದಷ್ಟೇ ಕಳಿಸಿದೆ.

ಅದಕ್ಕೆ ಉತ್ತರವಾಗಿ ನಿನ್ನ ದನಿ ಬಂತು. ಅದನ್ನು ನಾನು ಅಳಿಸಿಲ್ಲ, ಇವತ್ತು ಬೆಳಗ್ಗೆಯೂ ಕೇಳಿದೆ. "ದೇವರು ದೊಡ್ಡೋನು ಕಣೋ ಅಲಿರಿಯೊ. ನಿನಗೆ ಮೊಮ್ಮಗಳು ಹುಟ್ಟಿದ ದಿನವೇ ನಾನೂ ಆಸ್ಪತ್ರೇಲಿದ್ದೆ. ಹೆದರ್ಬೇಡ, ನನಗೇನಾಗಿಲ್ಲ. ಯಾರೋ ನಮ್ಮೂರ ಹುಡುಗಿಗೆ ಓ ನೆಗೆಟಿವ್ ಬೇಕು ಅಂತ ಫೋನಲ್ಲಿ ಬಂದಿತ್ತು. ನನ್ನ ರಕ್ತವೇ ಅಲ್ವಾ, ಸುಮ್ನಿರಕ್ಕಾಗುತ್ತಾ? ಅವರಿಬ್ರದ್ದೂ ಅದೇ ರಕ್ತ ಅಂತ ಬೇಕರಿಯವನನ್ನೂ ಪಾಸ್ತೋರಾ ಮಗಳನ್ನೂ ಎಬ್ಬಿಸ್ಕೊಂಡು ಒಂಬತ್ತಕ್ಕೆ ಸಾಲಲ್ಲಿ ನಿಂತೆ. ಅಲ್ಲಿ ಕೇಳಿದ್ರೆ ಅಂಥ ಹುಡುಗೀನೇ ಇಲ್ಲ ಅಂದ್ರು. ಬರೆದೋನು ಯಾವನೋ ತಲೆಯಿಲ್ಲದೋನು. ಹೆಸರಿಲ್ಲ, ವಾರ್ಡಿಲ್ಲ. ನೀನು ಪತ್ರಿಕೇಲಿದ್ದಾಗ ಇಂಥದ್ದು ಬಿಡ್ತಿದ್ಯಾ? ಆದ್ರೆ ಹೆರಿಗೆ ಕೋಣೇಲಿ ಇನ್ನೊಬ್ಳಿದ್ಳು, ಅದೇ ಗುಂಪು, ಎರಡು ದಿನದಿಂದ ರಕ್ತ ಸಿಗದೆ ಮಲಗಿದ್ಳು. ಬಂದಿದ್ದು ಬಂದಿದ್ದೀವಿ, ಇವಳಿಗೇ ಕೊಡ್ರಪ್ಪ ಅಂದೆ. ಅವರಿಬ್ರದ್ದು ತಗೊಂಡ್ರು. ನನ್ನನ್ನ ಮಾತ್ರ ವಯಸ್ಸಾಯ್ತು ಅಂತ ಹೊರಗೆ ಕೂರಿಸಿದ್ರು. ನಲವತ್ತು ವರ್ಷ ಕೊಟ್ಟೋಳು ನಾನು, ಎಲ್ರ ಸ್ವೆಟರ್ ಹಿಡ್ಕೊಂಡು ಗೂಟದ ಥರ ಕೂತಿದ್ದೆ. ಆ ಹುಡುಗಿ ಬಾಗಿಲ ಸಂದೀಲಿ ಹೆಸರು ಕೇಳಿದ್ಳು. ಹೇಳಿದೆ, ಬಂದೆ."

ಆ ತಲೆಯಿಲ್ಲದವನು ನಾನೇ, ಅಕ್ಕಾ. ನೀನು ಹುಡುಕಿಕೊಂಡು ಹೋದ ಹುಡುಗಿ ಯುಸ್ಮೆರಿ. ನಿಮ್ಮಲ್ಲಿ ಒಂಬತ್ತು ಎಂದರೆ ಇಲ್ಲಿ ಎಂಟು. ಅಲ್ಲಿ ನೀನು ಸಾಲಿನಲ್ಲಿ ನಿಂತ ಹೊತ್ತಿಗೆ ಸರಿಯಾಗಿ ಇಲ್ಲಿ ಅವಳನ್ನು ಒಳಗೆ ಒಯ್ದರು. ನಾವು ನಿನಗೆ ಮುಚ್ಚಿಟ್ಟೆವು. ಆದರೂ ನೀನು ಬಂದೆ. ನಮ್ಮವಳು ಎಂದು ತಿಳಿದು ಬಂದಿದ್ದರೆ ಅದು ನಿನ್ನ ಹಳೆಯ ಸ್ವಭಾವ ಎನ್ನುತ್ತಿದ್ದೆ. ನೀನು ಬಂದದ್ದು ಯಾರೋ ಒಬ್ಬಳಿಗೆ. ನೆಲಿದಾ ಬಂದದ್ದೂ ಹಾಗೆಯೇ. ನಾನು ಒಂದು ಪದ ಸೇರಿಸಿ ಸರಿಯಾಗಿ ಬರೆದಿದ್ದರೆ ನೀನು ಮನೆಯಲ್ಲಿ ಇರುತ್ತಿದ್ದೆ, ನೆಲಿದಾ ಕೂಡ ಮನೆಯಲ್ಲೇ ಇರುತ್ತಿದ್ದಳು, ಇಲ್ಲಿ ನನ್ನ ಮಗಳು, ಅಲ್ಲಿ ಆ ಹೆಂಗಸು... ಮುಂದೆ ಯೋಚಿಸುವುದಿಲ್ಲ. ತಪ್ಪಿಗೆ ಕೃತಜ್ಞನಾಗಿರುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ, ಈಗ ಕಲಿಯುತ್ತಿದ್ದೇನೆ. ಆ ಸಂದೇಶ ಹೊಂಡುರಾಸಿನ ತ್ರುಹಿಯೊವರೆಗೂ ಹೋಗಿತ್ತಂತೆ. ಅಲ್ಲಿಯ ಒಬ್ಬ ಮೀನುಗಾರ ತಮ್ಮೂರ ಆಸ್ಪತ್ರೆಯಲ್ಲಿ ಎರಡು ಸಲ ವಿಚಾರಿಸಿ, "ಹುಡುಗಿ ಸಿಗಲಿಲ್ಲ, ಸಿಕ್ಕಿದರೆ ನಾನು ತಯಾರು" ಎಂದು ಗುಂಪಿನವರ ಮೂಲಕ ಹೇಳಿ ಕಳಿಸಿದ. ಅವನ ಹೆಸರೂ ನನಗೆ ಗೊತ್ತಿಲ್ಲ. ದಿನಾ ಅವನಿಗೂ ಸೇರಿಸಿ ಪ್ರಾರ್ಥನೆ ಮಾಡುತ್ತೇನೆ.

ಸೀಮೆಸುಣ್ಣದ ಗೆರೆ ಏನಾಯಿತು ಎಂದು ಕೇಳುತ್ತೀಯ. ಇದೆ. ನೆಲಿದಾ ಈಗಲೂ ದಿನಾ ಎಳೆಯುತ್ತಾಳೆ. ಆದರೆ ಮಧ್ಯಾಹ್ನ ಊಟದ ಡಬ್ಬಿಯನ್ನು ಸರಿಯಾಗಿ ಗೆರೆಯ ಮೇಲೆ ಇಡುತ್ತಾಳೆ, ತನ್ನ ಕಡೆಯ ಅರ್ಧ ತಿಂದು ಡಬ್ಬಿ ಹಾಗೇ ಬಿಟ್ಟು ಕೈ ತೊಳೆಯಲು ಹೋಗುತ್ತಾಳೆ. ಭಾನುವಾರ ಮಗು ನೋಡಲು ಬರುತ್ತಾಳೆ. ಬಂದರೂ ನನ್ನೊಂದಿಗೆ ಮಾತು ಅಷ್ಟಕ್ಕಷ್ಟೇ. "ನಾನು ಬಂದದ್ದು ನನ್ನ ರಕ್ತ ನೋಡಕ್ಕೆ" ಎನ್ನುತ್ತಾಳೆ.

ಪಾಸ್ತೋರಾಳಿಗೂ ಅವಳ ಮಗಳಿಗೂ ಬೇಕರಿಯವನಿಗೂ ನನ್ನ ನಮಸ್ಕಾರ ಹೇಳು. ಅವರು ಯಾರಿಗಾಗಿ ಹೊರಟಿದ್ದರೆಂದು ಹೇಳು, ಬೇಕರಿಯವನು ನನ್ನನ್ನು ಬೈದರೆ ಬೈಸಿಕೊಂಡು ಬಾ. ನಮ್ಮೂರ ಶಾಂತಿಮಾತೆ ನಿನ್ನನ್ನು ಕಾಪಾಡಲಿ. ಯುಸ್ಮೆರಿ ತನ್ನ ಅತ್ತೆಗೆ ಮುತ್ತು ಕಳಿಸಿದ್ದಾಳೆ. ತಾಯಿಯಿಲ್ಲದ ನನಗೆ ತಾಯಿಯಾದವಳು ನೀನು. ನಿನ್ನ ಆಶೀರ್ವಾದ ಬೇಡುತ್ತೇನೆ.

ನಿನ್ನ ತಮ್ಮ,
ಅಲಿರಿಯೊ

ತಾ.ಕ.: ಕಾಗದ ತೆಗೆದುಕೊಳ್ಳಲು ರಾಮಿರೊ ಬಾಗಿಲಲ್ಲಿ ನಿಂತಿದ್ದಾನೆ, ಇನ್ನು ತಡಮಾಡಲಾರೆ. ಅಕ್ಕಾ, ಮಗುವಿನ ಹೆಸರು ನೆಲಿದಾ. ಡಿಸೆಂಬರಿನಲ್ಲೇ ದಾಖಲಾಯಿತು. ನಿನಗೆ ಕೊಟ್ಟ ಮಾತು ನೆನಪಿಸಿ ಯುಸ್ಮೆರಿಯೊಂದಿಗೆ ಎರಡು ದಿನ ವಾದ ಮಾಡಿದೆ. ಅವಳು ಹೇಳಿದ್ದು, "ಹೆಸರಿಡದಿದ್ರೂ ಅತ್ತೆ ನಮ್ಮೋಳೇ ಅಪ್ಪಾ. ನೆಲಿದಾಗೆ ನಾವ್ಯಾರು?" ಹೋಗಿ ಹಾಗೇ ಬರೆಸಿ ಬಂದೆ. ಮಾತು ತಪ್ಪಿದೆ, ಕ್ಷಮಿಸು. ಆದರೆ ಇದನ್ನೂ ಓದು. ಮೊನ್ನೆ ನಮ್ಮೂರವರ ಗುಂಪಿನಲ್ಲಿ ಇಸ್ಮೆನಿಯಾ ಎಂಬಾಕೆಯ ಗಂಡ ಬರೆದಿದ್ದಾನೆ: ನವೆಂಬರ್ 26ರಂದು ಆಸ್ಪತ್ರೆಗೆ ಇಬ್ಬರನ್ನು ಕರೆತಂದು, ಅವರ ಸ್ವೆಟರ್ ಹಿಡಿದು ಹೊರಗೆ ಕೂತಿದ್ದ ದೊನ್ಯಾ ದೊಮಿತಿಲಾ ಎಲ್ಲಿದ್ದಾರೆ, ಯಾರಿಗಾದರೂ ಗೊತ್ತೇ? ತಾಯಿ ಬದುಕಿದ್ದಾಳೆ, ಮಗಳಿಗೆ ಅವರದೇ ಹೆಸರಿಟ್ಟಿದ್ದೇವೆ, ಈ ತಿಂಗಳ 24ರಂದು ಶಾಂತಿಮಾತೆಯ ಹಬ್ಬದ ಪೂಜೆ ಮುಗಿದ ಮೇಲೆ ಚರ್ಚಿನಲ್ಲಿ ಮಗುವಿಗೆ ಜ್ಞಾನಸ್ನಾನ, ಅವರು ಬಂದು ಮಗುವನ್ನು ಎತ್ತಿ ಹಿಡಿಯಬೇಕು. ಅವರ ಮನೆ ಇರುವುದು ಮೇಲಿನ ಬೀದಿಯಲ್ಲಿ, ನೀರಿನ ತೊಟ್ಟಿಯ ಹಿಂದೆ, ಹಸಿರು ಬಾಗಿಲು. ನಿನ್ನ ಮನೆಯಿಂದ ಮೂರು ತಿರುವು. ಅವರು ಬರುತ್ತಾರೆ ಎಂದು ನಾನು ಉತ್ತರ ಬರೆದಾಗಿದೆ. ಈ ಸಲ ಊರು, ದೇಶ, ನಿನ್ನ ಪೂರ್ತಿ ಹೆಸರು ಎಲ್ಲ ಬರೆದಿದ್ದೇನೆ. ಹೋಗಿ ನಿನ್ನ ತೊಕಾಯಾಳನ್ನು ನೋಡು. ನೀನು ಹೋದ ಮೇಲೂ ಆ ಬೀದಿಯಲ್ಲಿ ಆ ಹೆಸರು ಕೂಗುತ್ತಾರೆ, ಊಟಕ್ಕೆ ಬಾರೇ ಎಂದು ದಿನಾ ಕೂಗುತ್ತಾರೆ. ಹೊಸ ಶೂ ಹಾಕಿಕೊಂಡೇ ಹೋಗು, ಅದಕ್ಕೂ ಮುಂಚೆ ಎರಡು ದಿನ ಮನೆಯಲ್ಲಿ ಹಾಕಿ ಪಳಗಿಸು. ಎಡಗಾಲಿನ ಚರ್ಮ ನಾನು ಕತ್ತರಿಸಿದ್ದು, ಬಲಗಾಲಿನದು ನೆಲಿದಾ. ಯಾವುದು ಹೆಚ್ಚು ಚೆನ್ನಾಗಿ ಕೂರುತ್ತದೆ ಎಂದು ಮಾತ್ರ ಯಾರ ಹತ್ತಿರವೂ ಹೇಳಿ ಕಳಿಸಬೇಡ.